‘ನನಗೆ ಮರೆವಿನ ಕಾಯಿಲೆ, ಮೇಡಂ’

ಹೀಗೆನ್ನುತ್ತಲೇ ಬಂದು ಕುಳಿತಳು. ಸ್ನಾತಕೋತ್ತರ ಎರಡನೇ ವರ್ಷದ ವಿದ್ಯಾರ್ಥಿನಿ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಕಿರುಪ್ರಬಂಧ ಮುಂದೆ ಸಾಗುತ್ತಿಲ್ಲ ಎಂಬುದು ದೂರು. ನಿದ್ದೆ, ಊಟ, ಮನಸ್ಸಿನ ಸ್ಥಿತಿ ವಿಚಾರಿಸಿದೆ, ಗಾಬರಿಪಡುವಂಥದ್ದೇನೂ ಕಾಣಲಿಲ್ಲ. ಲ್ಯಾಪ್‌ಟಾಪ್ ತೆರೆಯಲು ಹೇಳಿದೆ. ಪಿಡಿಎಫ್, ಸ್ಲೈಡ್, ತರಗತಿಯ ಹಲಗೆಯ ಫೋಟೋಗಳು ಎಲ್ಲ ಸೇರಿ 1,400ಕ್ಕೂ ಹೆಚ್ಚು ಫೈಲುಗಳು. ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’.

ಇಲ್ಲಿ ಎಡವಿದ್ದು ನಾನು. ಲೇಖಕ, ವರ್ಷ, ವಿಷಯ ಸೇರಿಸಿ ಹೆಸರಿಡು ಎಂದು ಹೇಳಿ ಕಳುಹಿಸಿದೆ. ಮುಂದಿನ ವಾರ ಬಂದಾಗ ಎಲ್ಲವೂ ಬಣ್ಣಬಣ್ಣದ ಫೋಲ್ಡರುಗಳಲ್ಲಿ ಒಪ್ಪವಾಗಿ ಕುಳಿತಿದ್ದವು. ಓದಿದ್ದು ಮಾತ್ರ ಸೊನ್ನೆ. ಓದನ್ನು ಮುಂದೂಡಲು ಇದಕ್ಕಿಂತ ಮರ್ಯಾದಸ್ಥ ದಾರಿ ಇನ್ನೊಂದಿಲ್ಲ.

“ಇತ್ತೀಚೆಗೆ ಇಳಿಸಿಕೊಂಡ ಒಂದು ಲೇಖನ ಏನು ಹೇಳುತ್ತದೆ?” ಎಂದೆ. ಕೈ ಲ್ಯಾಪ್‌ಟಾಪಿನತ್ತ ಹೋಯಿತು. ನೋಡದೆ ಹೇಳು ಎಂದಾಗ ಸುಮ್ಮನಾದಳು. ಆಮೇಲೆ ಬಂದದ್ದು ಬೇರೆಯೇ ಮಾತು. ಮೊದಲ ವರ್ಷ ಇವಳ ಟಿಪ್ಪಣಿ ಓದಿದ ಗೆಳತಿಗೆ ಇವಳಿಗಿಂತ ಹೆಚ್ಚು ಅಂಕ ಬಂದಿತ್ತು. ಅಂದಿನಿಂದ ಜೊತೆಗೂಡಿ ಓದುವುದನ್ನೇ ಬಿಟ್ಟಿದ್ದಳು, ಯಾರಿಗೂ ಒಂದು ಹಾಳೆಯನ್ನೂ ಕೊಟ್ಟಿರಲಿಲ್ಲ. ಮರೆವು ಶುರುವಾದದ್ದೂ ಹೆಚ್ಚುಕಡಿಮೆ ಆಗಲೇ.

ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಅವಳಿಗೆ ವಿವರಿಸಿದೆ. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ, ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದವರು ಮುಂದಿದ್ದರು. ವಾರದ ಬಳಿಕ ಮುಂದಾದವರು, ಪಾಠ ನೋಡದೆ ನೆನಪಿನಿಂದ ಬರೆದಿದ್ದವರು. “ಗೆಳತಿಗೆ ವಿವರಿಸುವಾಗ ನೀನು ಮಾಡುತ್ತಿದ್ದುದೂ ಅದನ್ನೇ. ಕೊಡುವುದನ್ನು ನಿಲ್ಲಿಸಿದಾಗ ನಿನ್ನ ಅಭ್ಯಾಸವೂ ನಿಂತಿತು.”

ಹುಡುಗಿ ಚುರುಕು. “ನಿಕ್ಲಾಸ್ ಲೂಮನ್ 90,000 ಟಿಪ್ಪಣಿ ಚೀಟಿ ಕೂಡಿಡಲಿಲ್ಲವೇ?” ಎಂದು ತಿರುಗಿ ಕೇಳಿದಳು. ಆ ಜರ್ಮನ್ ಸಮಾಜಶಾಸ್ತ್ರಜ್ಞ ಚೀಟಿಗಳನ್ನು ತನ್ನದೇ ಮಾತಿನಲ್ಲಿ ಬರೆದು, ಒಂದನ್ನು ಇನ್ನೊಂದಕ್ಕೆ ಕೊಂಡಿ ಹಾಕುತ್ತಿದ್ದ; ಇಳಿಸಿಕೊಂಡು ಸುಮ್ಮನಿಟ್ಟವನಲ್ಲ ಎಂದೆ.

ಕೊಟ್ಟ ಸಲಹೆ ಸಣ್ಣದು. ದಿನಕ್ಕೆ ಒಂದೇ ಲೇಖನ. ಓದಿ ಮುಚ್ಚಿಟ್ಟು, ನೆನಪಿನಿಂದ ಅರ್ಧ ಪುಟ. ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಶಾಯಿಯಲ್ಲಿ ತುಂಬಬೇಕು. ವಾರಕ್ಕೊಮ್ಮೆ ಒಬ್ಬರಿಗಾದರೂ ಬಾಯಲ್ಲಿ ವಿವರಿಸಬೇಕು. ಹಳೆಯ ರಾಶಿಯನ್ನು ಮುಟ್ಟುವಂತಿಲ್ಲ. ಅಂಕದ ನೋವು ಇಷ್ಟರಿಂದ ಹೋಗದು. ಅದಕ್ಕೆಂದೇ ಇನ್ನೆರಡು ಭೇಟಿ ಇಟ್ಟುಕೊಂಡೆವು.

ಕೊನೆಯ ಭೇಟಿಗೆ ಲ್ಯಾಪ್‌ಟಾಪ್ ತಂದಿರಲಿಲ್ಲ. ಆ ವಾರದ ಲೇಖನವನ್ನು ಹತ್ತು ನಿಮಿಷ ವಿವರಿಸಿದಳು, ಒಂದೆಡೆ ತಪ್ಪಿದಳು, ತಾನೇ ತಿದ್ದಿಕೊಂಡಳು. ಕೇಳಿಸಿಕೊಂಡವರು ಇಬ್ಬರು: ನಾನು ಮತ್ತು ಅವಳೇ ಕರೆತಂದಿದ್ದ ಅದೇ ಗೆಳತಿ.