ಅಮ್ಮನನ್ನು ನಗೆ ಕೂಟಕ್ಕೆ ಕಳಿಸಲೇ?

ಪ್ರಶ್ನೆ: ಅಕ್ಕಾ, ನಮ್ಮ ಅಮ್ಮನಿಗೆ 61 ವರ್ಷ. ಸ್ತನ ಕ್ಯಾನ್ಸರ್. ಆಪರೇಷನ್ ಆಗಿ ಮೂರು ತಿಂಗಳಾಯ್ತು, ಮೂರನೇ ಕೀಮೋ ಈಗಷ್ಟೇ ಮುಗಿದಿದೆ. ಪಾರ್ಕಿನ ನಗೆ ಕೂಟದವರು ‘ದಿನಾ ಬಂದು ನಗಲಿ, ಕಾಯಿಲೆ ತಾನಾಗಿ ಹೋಗುತ್ತೆ’ ಅಂತಾರೆ. ಅಮ್ಮನಿಗೆ ಮನಸ್ಸಿಲ್ಲ. ಬಲವಂತ ಮಾಡಲೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬಲವಂತ ಬೇಡ ತಂಗಿ. ನಗುವಿನಿಂದ ಗಡ್ಡೆ ಕರಗುವುದಿಲ್ಲ. ಕೀಮೋ ವಾರ್ಡಿನಲ್ಲಿ 26 ವರ್ಷ ನರ್ಸ್ ಆಗಿದ್ದವಳು ನಾನು. ಇಂಥ ಮಾತು ನಂಬಿ ಚಿಕಿತ್ಸೆ ತಪ್ಪಿಸಿದವರನ್ನು ನೋಡಿದ್ದೇನೆ. ಇನ್ನೊಂದು ವಿಷಯ. ನಾಳೆ ರಿಪೋರ್ಟ್ ಚೆನ್ನಾಗಿ ಬರದಿದ್ದರೆ ‘ನಾನು ಸರಿಯಾಗಿ ನಗಲಿಲ್ಲವೇನೋ’ ಅಂತ ಅಮ್ಮ ಕೊರಗುವಂತಾಗಬಾರದು, ಅಲ್ವಾ?

ಆದರೆ ನೋವು ತಡೆದುಕೊಳ್ಳಲು ನಗು ಖಂಡಿತ ಆಗಿಬರುತ್ತದೆ. ಅಮೆರಿಕದ ಪತ್ರಕರ್ತ ನಾರ್ಮನ್ ಕಸಿನ್ಸ್ 1964ರಲ್ಲಿ ಬೆನ್ನು, ಕೀಲುಗಳ ನೋವಿನಿಂದ ಹಾಸಿಗೆ ಹಿಡಿದಿದ್ದರು. ಹಾಸ್ಯ ಚಿತ್ರ ನೋಡಿ ಹತ್ತು ನಿಮಿಷ ಹೊಟ್ಟೆ ತುಂಬ ನಕ್ಕರೆ ಎರಡು ಗಂಟೆ ನೋವಿಲ್ಲದೆ ನಿದ್ದೆ ಬರುತ್ತಿತ್ತು ಎಂದು ಅವರೇ ಬರೆದಿದ್ದಾರೆ. ಅದು ಒಬ್ಬರ ಅನುಭವ, ನಿಜ. ಆದರೂ ನಾನು ನಂಬುತ್ತೇನೆ.

ನಮ್ಮ ವಾರ್ಡಿಗೆ ಒಬ್ಬ ಅಜ್ಜಿ ಬರುತ್ತಿದ್ದರು. ಆಪರೇಷನ್ ಆದಮೇಲೆ ಅವರಿಗೆ ಕೈ ಎತ್ತಲು ಆಗುತ್ತಿರಲಿಲ್ಲ. ದಿನಾ ತಲೆ ಬಾಚುತ್ತಿದ್ದದ್ದು ಯಜಮಾನರೇ. ಕೂದಲೆಲ್ಲ ಉದುರಿದ ಮೇಲೂ ಅವರ ಚೀಲದಲ್ಲಿ ಬಾಚಣಿಗೆ ಇರುತ್ತಿತ್ತು. ಒಂದು ದಿನ ಡ್ರಿಪ್ ಹಾಕಿದ್ದೆ. ಅಜ್ಜಿ ಬೆಳಗಿನಿಂದ ಏನೂ ತಿಂದಿರಲಿಲ್ಲ, ಮಾತೂ ಇಲ್ಲ. ಅಜ್ಜ ಬಾಚಣಿಗೆ ತೆಗೆದು, ಬೋಳು ತಲೆಯನ್ನು ಒಂದು ಗಳಿಗೆ ನೋಡಿ, ‘ಬೈತಲೆ ಎಲ್ಲಿ ತೆಗೀಲಿ, ಹೇಳು’ ಅಂದರು. ಅಜ್ಜಿ ನಕ್ಕ ನಗುವಿಗೆ ಡ್ರಿಪ್ ಸ್ಟ್ಯಾಂಡ್ ಅಲ್ಲಾಡಿತು. ಪಕ್ಕದ ಕುರ್ಚಿಯ ಹೆಂಗಸು ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ, ‘ನಂಗೂ ತೆಗೀರಿ ಯಜಮಾನ್ರೇ’ ಅಂದರು! ಆಮೇಲೆ ಅಜ್ಜಿ ಡಬ್ಬಿ ತೆಗೆಸಿ ಒಂದೂವರೆ ಇಡ್ಲಿ ತಿಂದರು.

ನಗೆ ಕೂಟವೂ ಕೆಟ್ಟದ್ದಲ್ಲ. 1995ರಲ್ಲಿ ಮುಂಬೈನ ಪಾರ್ಕೊಂದರಲ್ಲಿ ಡಾ. ಮದನ್ ಕಟಾರಿಯಾ ಐದೇ ಜನರ ಜೊತೆ ಇದನ್ನು ಶುರು ಮಾಡಿದರು. ಮೊದಮೊದಲು ಜೋಕು ಹೇಳುತ್ತಿದ್ದರು, ಜೋಕು ಮುಗಿದ ಮೇಲೆ ಚಪ್ಪಾಳೆ, ಹೋ-ಹೋ, ಹಾ-ಹಾ ಬಂತು. ಅಮ್ಮನಿಗೇ ಆಸೆಯಾದರೆ ಹೋಗಲಿ, ಆದರೆ ಡಾಕ್ಟರನ್ನು ಕೇಳಿದ ಮೇಲೆ. ಕೀಮೋ ಆದ ಎರಡನೇ ವಾರದ ಹೊತ್ತಿಗೆ ಬಿಳಿ ರಕ್ತಕಣ ಜಾಸ್ತಿ ಇಳಿದಿರುತ್ತದೆ, ಸೋಂಕು ಬೇಗ ತಗಲುತ್ತದೆ. ಆಗ ಗುಂಪು ಬೇಡವೇ ಬೇಡ. ಹೊಲಿಗೆ ಹಾಕಿದ ಜಾಗ ಎಳೆಯುತ್ತಿದ್ದರೆ, ಮೂಳೆಗೂ ಕಾಯಿಲೆ ಹರಡಿದ್ದರೆ, ಹರ್ನಿಯಾ ಇದ್ದರೆ ಜೋರಾಗಿ ನಗುವ ವ್ಯಾಯಾಮ ಬೇಡ.

ಅಮ್ಮ ಮೊದಲು ಯಾರ ಜೊತೆ ಜಾಸ್ತಿ ನಗುತ್ತಿದ್ದರು? ತಂಗಿಯೋ, ಹಳೇ ಗೆಳತಿಯೋ, ಅವರನ್ನು ಒಂದು ಮಧ್ಯಾಹ್ನ ಮನೆಗೆ ಕರೆಯಿರಿ. ನೆಗಡಿ ಕೆಮ್ಮು ಇಲ್ಲ ತಾನೇ ಅಂತ ಕೇಳಿಕೊಳ್ಳಿ. ಅಮ್ಮ ಅತ್ತರೆ ಅಳಲಿ, ತಡೆಯಬೇಡಿ. ನೀವು ಒಳಗೆ ಕಾಫಿ ಮಾಡಲು ಹೋಗಿ, ಸ್ವಲ್ಪ ತಡವಾಗಿಯೇ ಬನ್ನಿ.