ಭುಜ ಪದೇ ಪದೇ ಜಾರುವುದಕ್ಕೆ ಮೂಳೆಯ ಆಕಾರ ಕಾರಣವೇ?

ಕೋಲಾರದಲ್ಲಿ ಕಬಡ್ಡಿ ಆಡುವ ನಿಮ್ಮ ತಮ್ಮನಿಗೆ ಬಲಭುಜ ಮೂರು ಸಲ ಮುಂದಕ್ಕೆ ಜಾರಿದೆ, ಎಂಆರ್‌ಐ ಆದಮೇಲೂ ಡಾಕ್ಟರು ಸಿಟಿ ಸ್ಕ್ಯಾನ್ ಕೇಳುತ್ತಿದ್ದಾರೆ, ಹುಟ್ಟಿನಿಂದಲೇ ಮೂಳೆ ಸರಿಯಿಲ್ಲವೇ ಎಂದು ಕೇಳಿದ್ದೀರಿ. ಬಹುತೇಕ ಹಾಗಿರುವುದಿಲ್ಲ. ಮುಂದಕ್ಕೆ ಜಾರುವ ಭುಜದಲ್ಲಿ ಹುಟ್ಟಿನ ಆಕಾರಕ್ಕಿಂತ, ಜಾರಿ ಜಾರಿ ಕೆಟ್ಟ ಆಕಾರವೇ ಮುಖ್ಯ. ಸಿಟಿ ಖಂಡಿತ ಮಾಡಿಸಿ.

ತೋಳಿನ ಮೂಳೆಯ ಗುಂಡುತಲೆ ದೊಡ್ಡದು. ಅದು ಕೂರುವ ಗ್ಲೆನಾಯ್ಡ್ ಚಿಕ್ಕ ತಟ್ಟೆಯಂತೆ, ಆಳವೇ ಇಲ್ಲ. ತಲೆಯ ಕಾಲು ಭಾಗದಿಂದ ಮೂರನೇ ಒಂದು ಭಾಗವಷ್ಟೇ ಒಂದು ಹೊತ್ತಿಗೆ ಅದಕ್ಕೆ ತಾಗಿರುತ್ತದೆ. ಸುತ್ತಲಿನ ಲೇಬ್ರಮ್ ಎಂಬ ಅಂಚುಪಟ್ಟಿ, ಲಿಗಮೆಂಟು, ಸ್ನಾಯುಗಳು ಸೇರಿ ಅದನ್ನು ಹಿಡಿದಿಡುತ್ತವೆ. ಭುಜ ಮುಂದಕ್ಕೆ ಜಾರಿದಾಗ ಗ್ಲೆನಾಯ್ಡಿನ ಮುಂದಿನ ಕೆಳ ಅಂಚಿನಲ್ಲಿ ಲೇಬ್ರಮ್ ಕಿತ್ತು ಬರುತ್ತದೆ, ಕೆಲವೊಮ್ಮೆ ಮೂಳೆಯ ಚೂರೂ ಜೊತೆಗೆ ಬರುತ್ತದೆ. ಅದೇ ಅಂಚು ತಲೆಯ ಹಿಂಭಾಗಕ್ಕೆ ಒತ್ತಿ ಹಿಲ್-ಸ್ಯಾಕ್ಸ್ ಎಂಬ ಗುಳಿ ಮಾಡುತ್ತದೆ. ಪ್ರತಿ ಸಲ ಜಾರಿದಾಗಲೂ ಎರಡೂ ಹೆಚ್ಚಬಹುದು.

ಇವೆರಡನ್ನೂ ಒಟ್ಟಿಗೆ ಅಳೆಯಬೇಕು, ಅದಕ್ಕೇ ಸಿಟಿ. ತ್ರೀಡಿ ಚಿತ್ರದಲ್ಲಿ ತೋಳಿನ ತಲೆಯನ್ನು ತೆಗೆದು, ಗ್ಲೆನಾಯ್ಡನ್ನು ನೇರ ಎದುರಿನಿಂದ ತೋರಿಸಲು ಹೇಳಿ. ಕೆಳಭಾಗಕ್ಕೆ ಸರಿಹೊಂದುವ ವೃತ್ತ ಬರೆದು ಎಷ್ಟು ಕಳೆದಿದೆ ನೋಡುತ್ತಾರೆ. ಉದಾಹರಣೆಗೆ ವೃತ್ತದ ಅಗಲ 26 ಮಿಮೀ, ನಷ್ಟ 4 ಮಿಮೀ ಇದ್ದರೆ ಸುಮಾರು 15% ಹೋಗಿದೆ. ಕೈ ಎತ್ತಿದಾಗ ಗ್ಲೆನಾಯ್ಡ್ ತಲೆಗೆ ತಾಗುವ ಪಟ್ಟಿ ಈ ಅಗಲದ 83%, ಅಂದರೆ ಸುಮಾರು 21.6 ಮಿಮೀ, ಅದರಿಂದ ನಷ್ಟದ 4 ಕಳೆದರೆ 17.6 ಮಿಮೀ ಉಳಿಯುತ್ತದೆ. ಹಿಲ್-ಸ್ಯಾಕ್ಸ್ ಗುಳಿ, ಅದರ ಪಕ್ಕದ ಮೂಳೆಪಟ್ಟಿ ಸೇರಿ ಇದಕ್ಕಿಂತ ಅಗಲವಿದ್ದರೆ, ಕೈ ಎತ್ತಿ ಹೊರಗೆ ತಿರುಗಿಸಿದಾಗ ಗುಳಿ ಅಂಚಿಗೆ ಸಿಕ್ಕಿಹಾಕಿಕೊಂಡು ಭುಜ ಜಾರುತ್ತದೆ. ಆಗ ಲೇಬ್ರಮ್ ಹೊಲಿದರಷ್ಟೇ ಸಾಲದು. ಗುಳಿಗೆ ಸ್ನಾಯುರಜ್ಜು ತುಂಬುವುದು ಅಥವಾ ಲಾಟರ್ಜೆ ಬೇಕಾಗುತ್ತದೆ. ಲಾಟರ್ಜೆ ಅಂದರೆ ಭುಜದ ಮುಂಭಾಗದ ಕೊರಕಾಯ್ಡ್ ಎಂಬ ಮೂಳೆಯ ತುಂಡನ್ನು ಮುಂದಿನ ಅಂಚಿಗೆ ಸ್ಕ್ರೂನಿಂದ ಕೂರಿಸುವುದು. ನಷ್ಟ 20-25% ಮೀರಿದರೆ ಸಾಮಾನ್ಯವಾಗಿ ಮೂಳೆಯನ್ನೇ ಸೇರಿಸುತ್ತಾರೆ. ಡಿಕ್ಕಿಯ ಆಟ ಆಡುವ ಹುಡುಗನಾದ್ದರಿಂದ ಅದಕ್ಕಿಂತ ಕಡಿಮೆಯಿದ್ದರೂ ಹಗುರವಾಗಿ ಎಣಿಸಬೇಡಿ.

ಹುಟ್ಟಿನ ಆಕಾರ ಹೆಚ್ಚು ಲೆಕ್ಕಕ್ಕೆ ಬರುವುದು ಹಿಂದಕ್ಕೆ ಜಾರುವ ಭುಜದಲ್ಲಿ: ಗ್ಲೆನಾಯ್ಡ್ ಹೆಚ್ಚು ಹಿಂದಕ್ಕೆ ವಾಲಿದ್ದರೆ ಹಾಗಾಗುತ್ತದೆ. ನಿಮ್ಮ ತಮ್ಮನದು ಆ ಜಾತಿಯದ್ದಲ್ಲ.

ಸಿಟಿ ನೋಡಿ ಡಾಕ್ಟರು ತೀರ್ಮಾನಿಸುವವರೆಗೆ ಆಟ ಬೇಡ. ಮತ್ತೆ ಜಾರಿದರೆ ಕಟ್ಟು ಹಾಕುವವರ ಹತ್ತಿರ ಎಳೆಸಬೇಡಿ. ಎಕ್ಸ್‌ರೇ ಇಲ್ಲದೆ ಜಗ್ಗಿದರೆ ಮೂಳೆ ಮುರಿದು ಸರಿಯಬಹುದು, ನರಕ್ಕೂ ಪೆಟ್ಟಾಗಬಹುದು. ಕೈಯನ್ನು ಎದೆಗೆ ಆನಿಸಿ ಜೋಳಿಗೆ ಕಟ್ಟಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ.