ಸತ್ತ ಮರಿಯನ್ನು ಬಿಡದ ತಾಯಿಗೆ ನಿಜಕ್ಕೂ ದುಃಖ ಆಗುತ್ತದೆಯೇ?

ನಮಸ್ಕಾರ. ಸತ್ತ ಮರಿಯ ಪಕ್ಕದಿಂದ ಕದಲದ ತಾಯಿ ಆನೆಯ ವಿಡಿಯೋ ನೋಡಿ, ಇದು ನಿಜವಾದ ದುಃಖವೋ ಬರೀ ಹುಟ್ಟುಗುಣವೋ ಎಂದು ಕೇಳಿದ್ದೀರಿ. ದುಃಖವೇ ಎಂದು ನಾನು ನಂಬುತ್ತೇನೆ.

2018ರಲ್ಲಿ ಅಮೆರಿಕ-ಕೆನಡಾ ಗಡಿಯ ಕಡಲಲ್ಲಿ ತಾಹ್ಲೆಕ್ವಾ ಎಂಬ ಓರ್ಕಾ ತಿಮಿಂಗಿಲ, ಹುಟ್ಟಿದ ಸ್ವಲ್ಪ ಹೊತ್ತಿಗೇ ಸತ್ತ ಮರಿಯನ್ನು 17 ದಿನ ಹೊತ್ತು ಈಜಿತು. ಮರಿ ಜಾರಿ ಮುಳುಗಿದರೆ ಮತ್ತೆ ಆಳಕ್ಕಿಳಿದು ಎತ್ತಿ ತರುತ್ತಿತ್ತು. 2025ರ ಆರಂಭದಲ್ಲಿ ಇನ್ನೊಂದು ಮರಿ ಸತ್ತಾಗಲೂ ಹಾಗೇ ಹೊತ್ತು ತಿರುಗಿತು. ಇದರಿಂದ ಆ ತಾಯಿಗೆ ಸಿಕ್ಕಿದ್ದು ಆಯಾಸ ಮಾತ್ರ.

ಹುಟ್ಟುಗುಣ ಅಂದ ಮಾತ್ರಕ್ಕೆ ಭಾವನೆ ಇಲ್ಲ ಅಂತಲ್ಲ, ಅಲ್ವಾ? ಹೆರಿಗೆಯಲ್ಲಿ, ಹಾಲೂಡಿಸುವಾಗ ನಮ್ಮ ತಾಯಂದಿರಲ್ಲಿ ಕೆಲಸ ಮಾಡುವ ಆಕ್ಸಿಟೋಸಿನ್ ಹಾರ್ಮೋನೇ ಹಸು, ಕುರಿ, ಇಲಿಗಳಲ್ಲೂ ಇದೆ.

ನನಗೆ ಜಾಸ್ತಿ ಕಾಡುವುದು ಬೇರೆ ವಿಷಯ. ಆನೆ ಹೆಚ್ಚು ಕಡಿಮೆ 20-22 ತಿಂಗಳು ಬಸುರಿಯಾಗಿರುತ್ತದೆ. ಹೆತ್ತ ಮೇಲೆ ಒಂಟಿಯಾಗಿ ಸಾಕುವುದಿಲ್ಲ. ಅಕ್ಕ, ಚಿಕ್ಕಮ್ಮ, ಅಜ್ಜಿ ಎಲ್ಲರೂ ಮರಿ ಕಾಯುತ್ತಾರೆ. ನಗರದ ಫ್ಲ್ಯಾಟ್‌ಗಳಲ್ಲಿ ಎಷ್ಟೋ ಬಾಣಂತಿಯರಿಗೆ ಈ ಆಸರೆ ಇಲ್ಲ. ಬಂಡೀಪುರಕ್ಕೋ ನಾಗರಹೊಳೆಗೋ ಹೋದರೆ ಮರಿ ಇರುವ ಹಿಂಡನ್ನು ಸುಮ್ನೆ ಸ್ವಲ್ಪ ಹೊತ್ತು ನೋಡಿ. ಸುತ್ತ ನಿಂತ ಹೆಣ್ಣಾನೆಗಳಲ್ಲಿ ಹೆತ್ತ ತಾಯಿ ಯಾವುದು ಎಂದು ಹೇಳುವುದೇ ಕಷ್ಟ.